ಮುಕ್ಕಾಲಿಗೊಂದು ಮರಳಿನ ಚೀಲ

ಒಲೆಗುಂಡುಗಳು ಮೂರೇ ಏಕೆ? ಹೊಲದ ಬದುವಿನಲ್ಲಿ ಕಲ್ಲು ಹೂಡಿ ಚಹಾ ಕಾಯಿಸುವ ಯಾವ ಹೆಣ್ಣುಮಗಳನ್ನಾದರೂ ಕೇಳಿ ನೋಡಿ. 'ಎರಡಿಟ್ಟರ ಗಡಿಗಿ ಉರುಳ್ತೈತಿ, ನಾಕಿಟ್ಟರ ಅಳ್ಳಾಡ್ತೈತಿ, ಮೂರಿಟ್ಟರ ಕುಂದರ್ತೈತಿ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾಳೆ. ರೇಖಾಗಣಿತದ ಪುಸ್ತಕ ಹೇಳುವುದೂ ಅದನ್ನೇ: ಒಂದೇ ಸರಳರೇಖೆಯ ಮೇಲಿಲ್ಲದ ಮೂರು ಬಿಂದುಗಳ ಮೂಲಕ ಒಂದೇ ಒಂದು ಸಮತಲ ಹಾದುಹೋಗುತ್ತದೆ. ನೆಲ ಎಷ್ಟೇ ಏರುಪೇರಾಗಿರಲಿ, ಮೂರು ಕಾಲಿನ ವಸ್ತು ತನ್ನ ಮೂರೂ ಕಾಲುಗಳನ್ನು ನೆಲಕ್ಕೆ ಊರಿಯೇ ಊರುತ್ತದೆ. ನಾಲ್ಕು ಕಾಲಿನ ಕುರ್ಚಿಗೆ ಆ ಭಾಗ್ಯವಿಲ್ಲ. ಹೋಟೆಲಿನ ಮೇಜಿನ ಕಾಲಿನ ಕೆಳಗೆ ಮಡಚಿದ ಕಾಗದ ತುರುಕುವುದನ್ನು ಎಲ್ಲರೂ ನೋಡಿರುತ್ತೀರಿ.

ಫೋಟೊ ತೆಗೆಯುವವರು ಕ್ಯಾಮರಾ ಕೂರಿಸುವ ಟ್ರೈಪಾಡ್ ಹುಟ್ಟಿದ್ದು ಇದೇ ತತ್ವದಿಂದ. ಅದಕ್ಕೆ ಕನ್ನಡದಲ್ಲಿ 'ಮುಕ್ಕಾಲಿ' ಎಂಬ ಚೆಂದದ ಹೆಸರಿದೆ. ಆದರೆ ಈ ಹೆಸರಿನಲ್ಲೊಂದು ಎಚ್ಚರಿಕೆಯೂ ಅಡಗಿದೆ. ಅಲುಗಾಡದೆ ಕೂರುವುದು ಬೇರೆ, ಬೀಳದೆ ನಿಲ್ಲುವುದು ಬೇರೆ. ಮೂರು ಕಾಲಿನಿಂದ ಮುಕ್ಕಾಲು ಪಾಲು ಕೆಲಸವಷ್ಟೇ ಆಗುತ್ತದೆ. ಉಳಿದ ಕಾಲು ಪಾಲನ್ನು ಪೂರೈಸಲು ತೂಕ ಬೇಕು.

ಈ ಕಾಲು ಪಾಲಿನ ಬೆಲೆ ಎಷ್ಟೆಂದು ತಿಳಿಯಬೇಕಾದರೆ ತುರ್ವಿಹಾಳದಂಥ ಊರಿನಲ್ಲಿ ವೈಶಾಖ ಮಾಸದ ಒಂದು ಮದುವೆಗೆ ಹೋಗಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಈ ಸೀಮೆ ಬಹುಪಾಲು ಬಯಲು. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ಭತ್ತದ ಗದ್ದೆಗಳಾದವು, ಅಷ್ಟೆ. ಗಾಳಿಯನ್ನು ತಡೆಯುವ ಬೆಟ್ಟಗಳೇನೂ ಹೊಸದಾಗಿ ಬರಲಿಲ್ಲ. ಮಧ್ಯಾಹ್ನವಿಡೀ ಉರಿಬಿಸಿಲು. ಸಂಜೆಗೆ ಪಡುವಣದಲ್ಲಿ ಕರಿಮೋಡ. ಮಳೆ ಬರುವ ಮೊದಲೇ ಮೋಡದ ಕೆಳಗಿನ ತಂಪು ಗಾಳಿ ಧೂಳೆಬ್ಬಿಸಿಕೊಂಡು ನುಗ್ಗುತ್ತದೆ. ಆಗ ಹಂದರದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತದೆ. ವಧೂವರರ ಎದುರಿಗೆ ಎತ್ತರದ ಸ್ಟ್ಯಾಂಡಿನ ತುದಿಯಲ್ಲಿ ಬಿಳಿ ಛತ್ರಿ ಬಿಚ್ಚಿಕೊಂಡು ಫ್ಲ್ಯಾಷ್ ದೀಪ ನಿಂತಿರುತ್ತದೆ. ಅದರ ಬುಡದಲ್ಲಿ ಕುಳಿತಿರುವವರು ಯಾರು? ಮುಂದಿನ ಸಾಲಿನ ಮಕ್ಕಳು. ಮದುವೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ನೋಟ ಸಿಗುವ ಜಾಗ ಅದೇ ಅಲ್ಲವೇ?

ಇಂಥ ಹೊತ್ತಿನಲ್ಲಿ ಸ್ಟುಡಿಯೊದವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಜೊತೆಗೆ ಬಂದಿರುವ ಹುಡುಗನಿಗೆ, 'ತಮ್ಮಾ, ಆ ಸ್ಟ್ಯಾಂಡ್ ಗಟ್ಟಿ ಹಿಡ್ಕೊಂಡು ನಿಂದ್ರು' ಎನ್ನುತ್ತಾರೆ. ಹುಡುಗ ಹಿಡಿದು ನಿಲ್ಲುತ್ತಾನೆ. ಅಕ್ಷತೆ ಬೀಳುವ ತನಕ, ಆಮೇಲೆ ಬೀಗರ ಗುಂಪು ಫೋಟೊಗಳು ಮುಗಿಯುವ ತನಕ, ಗಂಟೆಗಟ್ಟಲೆ. ಕಾಲೇಜಿಗೆ ರಜೆಯೆಂದು ನಾಲ್ಕು ಕಾಸು ಸಂಪಾದಿಸಲು ಬಂದ ಈ ಹುಡುಗ ಮಾಡುತ್ತಿರುವುದು ನಿಜವಾಗಿ ಒಂದು ಮರಳಿನ ಚೀಲದ ಕೆಲಸ! ಚೀಲಕ್ಕೆ ಹಸಿವಾಗುವುದಿಲ್ಲ, ಊಟದ ಪಂಕ್ತಿಯಿಂದ ಕರೆ ಬಂದಾಗ ಅದು ತಿರುಗಿ ನೋಡುವುದಿಲ್ಲ, ಕೈ ಸೋತು ಸಡಿಲ ಬಿಡುವುದೂ ಇಲ್ಲ. ಹಾಗಾದರೆ ಹುಡುಗನನ್ನು ಬಿಟ್ಟು ಚೀಲವನ್ನೇ ನೆಚ್ಚಬಹುದೇ? ಉತ್ತರ ಹೇಳುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಪ್ರೌಢಶಾಲೆಯ ಗಣಿತ ಸಾಕು.

ಬೀಳುವ ಲೆಕ್ಕ

ಮುಕ್ಕಾಲಿಯ ಮೂರು ಪಾದಗಳನ್ನು ನೆಲದ ಮೇಲೆ ಸೀಮೆಸುಣ್ಣದ ಗೆರೆಯಿಂದ ಸೇರಿಸಿ. ಒಂದು ಸಮಬಾಹು ತ್ರಿಭುಜ ಸಿಗುತ್ತದೆ. ಅದಕ್ಕೆ ಆಧಾರ ತ್ರಿಭುಜ ಎನ್ನೋಣ. ಕ್ಯಾಮರಾ ಮತ್ತು ಮುಕ್ಕಾಲಿಯ ಒಟ್ಟು ಗುರುತ್ವ ಕೇಂದ್ರದಿಂದ ಕೆಳಗಿಳಿಬಿಟ್ಟ ತೂಗುಗುಂಡು ಈ ತ್ರಿಭುಜದ ಒಳಗೆ ಇರುವವರೆಗೆ ಮುಕ್ಕಾಲಿ ಬೀಳುವುದಿಲ್ಲ. ಹೊರಗೆ ಹೋಯಿತೋ, ಬಿತ್ತೆಂದೇ ಲೆಕ್ಕ. ಕುಸ್ತಿಯ ಪೈಲವಾನ ಕಾಲು ಅಗಲಿಸಿ ಸೊಂಟ ತಗ್ಗಿಸಿ ನಿಲ್ಲುವುದರ ಗುಟ್ಟೂ ಇದೇ. ಕಾಲು ಅಗಲಿಸಿದರೆ ಆಧಾರ ದೊಡ್ಡದಾಗುತ್ತದೆ. ಸೊಂಟ ತಗ್ಗಿಸಿದರೆ ಗುರುತ್ವ ಕೇಂದ್ರ ಕೆಳಗಿಳಿಯುತ್ತದೆ.

ಈಗ ಅಂಕಿಗಳನ್ನಿಡೋಣ. ಮುಕ್ಕಾಲಿಯ ತೂಕ ಒಂದೂವರೆ ಕಿಲೊ, ಲೆನ್ಸಿನ ಸಮೇತ ಕ್ಯಾಮರಾದ ತೂಕ ಎರಡು ಕಿಲೊ, ಒಟ್ಟು 3.5 ಕಿಲೊ. ಕ್ಯಾಮರಾ ಇರುವ ಎತ್ತರ 150 ಸೆಂಟಿಮೀಟರ್. ನಡುವಿನಿಂದ ಪ್ರತಿ ಪಾದಕ್ಕೆ ದೂರ 50 ಸೆಂಟಿಮೀಟರ್. ಸಮಬಾಹು ತ್ರಿಭುಜದಲ್ಲಿ ನಡುಬಿಂದುವಿನಿಂದ ಬಾಹುವಿಗಿರುವ ದೂರ, ಮೂಲೆಗಿರುವ ದೂರದ ಅರ್ಧ. ಅಂದರೆ 25 ಸೆಂಟಿಮೀಟರ್. ಮೇಲೆ ಯಾರಾದರೂ ಪಕ್ಕದಿಂದ ತಳ್ಳಿದರೆ ಮುಕ್ಕಾಲಿ ಎದುರಿನ ಎರಡು ಪಾದಗಳನ್ನು ಸೇರಿಸುವ ಗೆರೆಯ ಮೇಲೆ ಬಾಗಿಲಿನ ಹಾಗೆ ತಿರುಗಿ ಬೀಳಬೇಕು. ತಳ್ಳುವ ಬಲವನ್ನು ಎತ್ತರದಿಂದ ಗುಣಿಸಿ. ತೂಕವನ್ನು 25ರಿಂದ ಗುಣಿಸಿ. ಮೊದಲನೆಯದು ಹೆಚ್ಚಾದರೆ ಬೀಳುತ್ತದೆ, ಎರಡನೆಯದು ಹೆಚ್ಚಾದರೆ ನಿಲ್ಲುತ್ತದೆ.

3.5ನ್ನು 25ರಿಂದ ಗುಣಿಸಿ 150ರಿಂದ ಭಾಗಿಸಿದರೆ ಸುಮಾರು 0.58. ಅಂದರೆ ಅರ್ಧ ಕಿಲೊಗಿಂತ ತುಸು ಹೆಚ್ಚು ತೂಕದಷ್ಟು ಬಲ ಪಕ್ಕದಿಂದ ಬಿದ್ದರೆ ಸಾಕು, ಸಾಲ ಮಾಡಿ ತಂದ ಕ್ಯಾಮರಾ ಅಂಗಾತ! ಓಡಿಬರುವ ಮಗುವಿನ ಭುಜ, ಹಾದುಹೋಗುವವರ ಸೆರಗಿಗೆ ಸಿಕ್ಕ ವೈರು, ಯಾವುದಾದರೂ ಆದೀತು.

ಇದೇ ಮುಕ್ಕಾಲಿಯ ನಡುಗಂಬಕ್ಕೆ ಐದು ಕಿಲೊ ಮರಳಿನ ಚೀಲ ತೂಗುಹಾಕಿ. ಒಟ್ಟು ತೂಕ 8.5 ಕಿಲೊ ಆಯಿತು. ಈಗ ಬೀಳಿಸಲು ಸುಮಾರು 1.42 ಕಿಲೊ ತೂಕದಷ್ಟು ಬಲ ಬೇಕು. ಎರಡೂವರೆ ಪಟ್ಟಿಗೆ ಹತ್ತಿರ! ಬೆಲೆ? ನದಿಯ ದಂಡೆಯದೋ ಮನೆ ಕಟ್ಟುವಲ್ಲಿ ಉಳಿದದ್ದೋ ಕೆಲವು ಬೊಗಸೆ ಮರಳು ಮತ್ತು ಒಂದು ಹಳೆ ಚೀಲ.

ಚೀಲವಿಲ್ಲದೆಯೂ ಲಾಭ ಮಾಡಿಕೊಳ್ಳುವ ಉಪಾಯವೊಂದಿದೆ. ತಳ್ಳುವ ಬಲ ಎರಡು ಕಾಲುಗಳ ನಡುವಿನ ಸಂದಿಯತ್ತ ಬಂದರೆ ಮೇಲಿನ ಲೆಕ್ಕ. ಅದೇ ಬಲ ನೇರವಾಗಿ ಒಂದು ಕಾಲಿನ ದಿಕ್ಕಿಗೆ ಬಂದರೆ, ಬೀಳಿಸಲು ಎರಡು ಪಟ್ಟು ಬಲ ಬೇಕು. ಆದ್ದರಿಂದ ಗಾಳಿ ಪಡುವಣದಿಂದ ಬೀಸುತ್ತಿದ್ದರೆ ಮುಕ್ಕಾಲಿಯ ಒಂದು ಕಾಲು ಮೂಡಣಕ್ಕೆ ಚಾಚಿರಲಿ. ಕ್ಯಾಮರಾದ ಮುಂದೆ ಉದ್ದನೆಯ ಭಾರದ ಲೆನ್ಸ್ ಇದ್ದರೆ ಒಂದು ಕಾಲು ಆ ಲೆನ್ಸಿನ ಕೆಳಗೇ ಇರಲಿ. ಖರ್ಚಿಲ್ಲದ ಈ ಒಂದು ಅಭ್ಯಾಸ ಎಷ್ಟೋ ಕ್ಯಾಮರಾಗಳನ್ನು ಉಳಿಸಬಲ್ಲದು.

ಛತ್ರಿಯೆಂಬ ಹಾಯಿಪಟ

ಕ್ಯಾಮರಾದ ಮುಕ್ಕಾಲಿಯ ಕಥೆ ಇಷ್ಟಾದರೆ ದೀಪದ ಸ್ಟ್ಯಾಂಡಿನ ಕಥೆ ಇನ್ನೂ ಗಂಭೀರ. ಅದರ ಕಾಲುಗಳು ಗಿಡ್ಡ, ಎತ್ತರ ಹೆಚ್ಚು, ತಲೆಯ ಮೇಲೆ ಛತ್ರಿ ಬೇರೆ. ಬಿಚ್ಚಿದ ಛತ್ರಿಯೆಂದರೆ ಹಾಯಿದೋಣಿಯ ಪಟವೇ ಸರಿ. ಗಾಳಿಯ ಒತ್ತಡಕ್ಕೆ ಒಂದು ವಿಚಿತ್ರ ಗುಣವಿದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ; ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಒಂದು ಮೀಟರ್ ಅಗಲದ ಛತ್ರಿಯ ಮೇಲೆ ಗಂಟೆಗೆ 18 ಕಿಲೊಮೀಟರ್ ವೇಗದ ಗಾಳಿ ನೇರವಾಗಿ ಬೀಸಿದರೆ ಅದು ಸುಮಾರು ಒಂದೂವರೆ ಕಿಲೊ ತೂಕದಷ್ಟು ಬಲದಿಂದ ತಳ್ಳುತ್ತದೆ. ಸ್ಟ್ಯಾಂಡಿನ ಎತ್ತರ ಎರಡು ಮೀಟರ್, ದೀಪ ಛತ್ರಿ ಎಲ್ಲ ಸೇರಿ ತೂಕ ಮೂರು ಕಿಲೊ, ನಡುವಿನಿಂದ ಪಾದಕ್ಕೆ 45 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೊದಲಿನ ಹಾಗೆಯೇ ಲೆಕ್ಕ ಹಾಕಿದರೆ ಈ ಸ್ಟ್ಯಾಂಡ್ ಬೀಳಲು ಬೇಕಾದ ಬಲ ಸುಮಾರು 340 ಗ್ರಾಂ ತೂಕದಷ್ಟು ಮಾತ್ರ! ಒಂದೂವರೆ ಕಿಲೊ ಬಲವನ್ನು ಅದು ತಡೆಯಬೇಕಾದರೆ ಒಟ್ಟು ತೂಕ 13 ಕಿಲೊ ದಾಟಬೇಕು. ಅಂದರೆ ಬುಡಕ್ಕೆ ಹತ್ತು ಕಿಲೊಗಿಂತ ಹೆಚ್ಚು ಭಾರ ಹೇರಬೇಕು. ಅದು ಸಾಧ್ಯ.

ಗಾಳಿ ಇದ್ದಕ್ಕಿದ್ದಂತೆ ಗಂಟೆಗೆ 36 ಕಿಲೊಮೀಟರಿಗೆ ಏರಿತೆನ್ನಿ. ಛತ್ರಿಯ ಮೇಲಿನ ಬಲ ನಾಲ್ಕು ಪಟ್ಟಾಗಿ ಆರು ಕಿಲೊ ಮುಟ್ಟಿತು. ಈಗ ಸ್ಟ್ಯಾಂಡ್ ನಿಲ್ಲಬೇಕಾದರೆ ಒಟ್ಟು ತೂಕ 50 ಕಿಲೊ ಮೀರಬೇಕು. ಒಂದು ಸಿಮೆಂಟ್ ಚೀಲದಷ್ಟು! ಅಷ್ಟು ಭಾರ ಹೇರಿದರೆ ಗಾಳಿಗಿಂತ ಮೊದಲು ಸ್ಟ್ಯಾಂಡಿನ ತೆಳು ಕಾಲುಗಳೇ ಮಡಚಿಕೊಂಡಾವು. ಇಲ್ಲಿ ಮರಳಿನ ಚೀಲದ ಶಕ್ತಿ ಮುಗಿಯಿತು. ಉಳಿದಿರುವುದು ಒಂದೇ ದಾರಿ: ಛತ್ರಿ ಮಡಚುವುದು, ಸ್ಟ್ಯಾಂಡನ್ನು ತಗ್ಗಿಸುವುದು.

ಗಾಳಿಯ ವೇಗ ಅಳೆಯಲು ತುರ್ವಿಹಾಳದ ಹಂದರದಲ್ಲಿ ಯಂತ್ರವೆಲ್ಲಿದೆ ಎನ್ನಬೇಡಿ. ಬೇವಿನ ಮರವಿದೆಯಲ್ಲ! ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ ಎಂಬಾತ 1805ರಲ್ಲಿ, ಹಡಗಿನ ಹಾಯಿಗಳು ಹೇಗೆ ವರ್ತಿಸುತ್ತವೆ ಎಂಬುದನ್ನು ನೋಡಿಯೇ ಗಾಳಿಯ ಬಲವನ್ನು ಗುರುತಿಸುವ ಮಾಪಕವೊಂದನ್ನು ರೂಪಿಸಿದ. ಮುಂದೆ ಅದನ್ನು ನೆಲದ ಗುರುತುಗಳಿಗೂ ಹೊಂದಿಸಲಾಯಿತು. ಎಲೆಗಳೂ ಸಣ್ಣ ಕಡ್ಡಿಗಳೂ ಒಂದೇ ಸಮನೆ ಅಲುಗುತ್ತ, ಹಗುರ ಬಾವುಟ ಬಿಚ್ಚಿಕೊಂಡು ಹಾರುತ್ತಿದ್ದರೆ ವೇಗ ಗಂಟೆಗೆ 12ರಿಂದ 19 ಕಿಲೊಮೀಟರ್. ಎಲೆ ತುಂಬಿದ ಸಣ್ಣ ಮರಗಳು ಇಡಿಯಾಗಿ ತೂಗತೊಡಗಿದರೆ 29ರಿಂದ 38. ಎಲೆ ಅಲುಗಿದಾಗ ಚೀಲ ಹಾಕಿ. ಮರ ತೂಗಿದಾಗ ಛತ್ರಿ ಮಡಚಿ. ನೆನಪಿಡಲು ಇಷ್ಟು ಸಾಕು.

ಈಗ ಆ ಹುಡುಗನ ಮಾತಿಗೆ ಬರೋಣ. ಚೀಲಕ್ಕೆ ತೂಕವಿದೆ, ಕಣ್ಣಿಲ್ಲ. ಪಡುವಣದಲ್ಲಿ ಧೂಳೇಳುವುದನ್ನು ಅದು ಕಾಣದು. ಹುಡುಗನಿಗೆ ಕಣ್ಣಿದೆ, ಆದರೆ ಅವನ ಕೈಗಳನ್ನು ಕಂಬಕ್ಕೆ ಕಟ್ಟಿಹಾಕಿದಂತೆ ನಿಲ್ಲಿಸಿದರೆ ಕಣ್ಣಿದ್ದೂ ಪ್ರಯೋಜನವಿಲ್ಲ. ಚೀಲದ ಕೆಲಸ ಚೀಲಕ್ಕೆ, ಹುಡುಗನ ಕೆಲಸ ಹುಡುಗನಿಗೆ ಎಂದು ಹಂಚಿಕೊಟ್ಟರೆ ಇಬ್ಬರೂ ಚೆನ್ನಾಗಿ ದುಡಿಯುತ್ತಾರೆ. ಮರ ತೂಗತೊಡಗಿದೊಡನೆ, ಯಾರನ್ನೂ ಕೇಳದೆ ಛತ್ರಿ ಮಡಚುವ ಅಧಿಕಾರವನ್ನು ಸ್ಟುಡಿಯೊದವರು ಅವನಿಗೆ ಮೊದಲೇ ಕೊಟ್ಟಿರಬೇಕು. ಒಂದು ಫೋಟೊ ತಪ್ಪಿದರೆ ಬೀಗರು ಬೇಸರಪಟ್ಟಾರು. ಕಾದ ದೀಪ ಮಗುವಿನ ತಲೆಯ ಮೇಲೆ ಬಿದ್ದರೆ ಆ ಮನೆಯವರು ಆ ಮದುವೆಯನ್ನು ಬದುಕಿರುವತನಕ ಬೇರೆಯೇ ಕಾರಣಕ್ಕೆ ನೆನೆಯಬೇಕಾಗುತ್ತದೆ.

ಏತ ಕಲಿಸುವ ಪಾಠ

ಕೆಲವೊಮ್ಮೆ ದೀಪವನ್ನು ಅಡ್ಡಕೋಲಿನ ತುದಿಗೆ ಕಟ್ಟಿ ಮುಂದಕ್ಕೆ ಚಾಚುವುದುಂಟು. ಹಳೆಯ ಬಾವಿಗಳ ಏತವನ್ನು ನೋಡಿದವರಿಗೆ ಇದು ಹೊಸದಲ್ಲ. ಒಂದು ತುದಿಯಲ್ಲಿ ನೀರಿನ ಕೊಡ, ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ. ಒಂದು ಕಿಲೊ ದೀಪ ಕಂಬದಿಂದ 120 ಸೆಂಟಿಮೀಟರ್ ದೂರದಲ್ಲಿದ್ದರೆ, ಹಿಂದುಗಡೆ 30 ಸೆಂಟಿಮೀಟರ್ ದೂರದಲ್ಲಿ ನಾಲ್ಕು ಕಿಲೊ ಕಟ್ಟಬೇಕು. ಆಗ ಕೋಲು ಸಮವಾಗಿ ನಿಲ್ಲುತ್ತದೆ.

ಇಲ್ಲಿ ಬಹಳ ಮಂದಿ ಏಮಾರುವುದುಂಟು. ಕೋಲು ಸಮವಾಯಿತೆಂದರೆ ಸ್ಟ್ಯಾಂಡ್ ಭದ್ರವಾಯಿತೆಂದು ಅರ್ಥವಲ್ಲ. ಸಮತೋಲಕ್ಕಾಗಿ ಕಟ್ಟಿದ ನಾಲ್ಕು ಕಿಲೊ ಸೇರಿ ಈಗ ತಲೆಯ ಮೇಲೆ ಐದು ಕಿಲೊ ಕೂತಿದೆ. ಗುರುತ್ವ ಕೇಂದ್ರ ಮೇಲಕ್ಕೇರಿದೆ. ಆದ್ದರಿಂದ ಮೇಲೆ ಕಟ್ಟಿದ ಭಾರದ ಜೊತೆಗೆ ಬುಡದಲ್ಲಿಯೂ ಭಾರ ಬೇಕೇ ಬೇಕು. ಒಂದು ಕಾಲು ಚಾಚಿದ ದೀಪದ ಕೆಳಗೇ ಇರಬೇಕು. ಮೇಲಿನ ಭಾರ ತೂಗಿಸುತ್ತದೆ, ಕೆಳಗಿನ ಭಾರ ನಿಲ್ಲಿಸುತ್ತದೆ.

ನಡುಕಕ್ಕೆ ಬೇರೆ ಮದ್ದು

ಬೀಳುವುದು ಒಂದು ಕಾಯಿಲೆಯಾದರೆ ನಡುಗುವುದು ಇನ್ನೊಂದು. ಎರಡಕ್ಕೂ ಒಂದೇ ಮಾತ್ರೆ ಎಂದುಕೊಂಡರೆ ತಪ್ಪಾಗುತ್ತದೆ. ಮಬ್ಬು ಬೆಳಕಿನಲ್ಲಿ ಕ್ಯಾಮರಾದ ಕಣ್ಣು ಸೆಕೆಂಡಿನ ಎಂಟನೇ ಒಂದು ಭಾಗವೋ, ಒಂದೆರಡು ಸೆಕೆಂಡೋ ತೆರೆದಿರಬೇಕಾಗುತ್ತದೆ. ಅಷ್ಟರಲ್ಲಿ ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಕದಡಿಹೋಗುತ್ತದೆ.

ಮುಕ್ಕಾಲಿಗೆ ಭಾರ ತೂಗುಹಾಕಿದರೆ ಪಾದಗಳು ನೆಲವನ್ನು ಬಿಗಿಯಾಗಿ ಒತ್ತುತ್ತವೆ, ಕೀಲುಗಳ ಸಡಿಲ ಕಡಿಮೆಯಾಗುತ್ತದೆ, ಗಾಳಿ ಅಷ್ಟು ಸುಲಭವಾಗಿ ಅಲುಗಿಸಲಾರದು. ಇದೆಲ್ಲ ನಿಜ. ಆದರೆ ತೂಗುಬಿಟ್ಟ ಚೀಲ ಗಾಳಿಗೆ ಗಡಿಯಾರದ ಲೋಲಕದಂತೆ ಓಲಾಡತೊಡಗಿದರೆ? ಚೀಲವೇ ಮುಕ್ಕಾಲಿಯನ್ನು ಅಲುಗಿಸುತ್ತದೆ, ಮದ್ದೇ ರೋಗವಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ಹಗ್ಗವನ್ನು ಸರಿಹೊಂದಿಸಿ ಚೀಲದ ತಳ ನೆಲಕ್ಕೆ ಸೋಕಿಯೂ ಸೋಕದಂತೆ ಬಿಡಬೇಕು. ಓಲಾಟ ನಿಲ್ಲುತ್ತದೆ, ಭಾರದ ಬಹುಪಾಲು ಮುಕ್ಕಾಲಿಯ ಮೇಲೆಯೇ ಉಳಿಯುತ್ತದೆ. ಪೂರ್ತಿ ನೆಲಕ್ಕೆ ಕೂತು ಹಗ್ಗ ಸಡಿಲವಾಗಿರುವ ಚೀಲ ಮಾತ್ರ ಯಾವ ಉಪಯೋಗಕ್ಕೂ ಬಾರದು. ಅದರ ತೂಕ ಹೊರುತ್ತಿರುವುದು ಭೂಮಿತಾಯಿ, ಮುಕ್ಕಾಲಿಯಲ್ಲ.

ಇನ್ನೊಂದು ಮಾತು. ಎಷ್ಟು ತೂಕ ಹೊರಬಲ್ಲದೆಂದು ಮುಕ್ಕಾಲಿ ತಯಾರಿಸಿದವರು ಒಂದು ಅಂಕಿ ಕೊಟ್ಟಿರುತ್ತಾರೆ. ಕ್ಯಾಮರಾ ಮತ್ತು ಚೀಲ ಸೇರಿ ಆ ಅಂಕಿಯನ್ನು ದಾಟಬಾರದು. ಮೊಬೈಲ್ ಫೋನಿಗೆಂದು ಕೊಂಡ ಅಗ್ಗದ ಮುಕ್ಕಾಲಿಗೆ ಹತ್ತು ಕಿಲೊ ನೇತುಹಾಕಿದರೆ ಅದರ ಕಾಲಿನ ಹಿಡಿಕೆಗಳು ಜಾರಿ ಎಲ್ಲವೂ ಕುಸಿದೀತು. ಅದಕ್ಕೆ ಅರ್ಧ ಲೀಟರ್ ನೀರಿನ ಬಾಟಲಿಯೇ ಸಾಕು. ಕಾಲುಗಳನ್ನು ಎಳೆಯುವಾಗ ಮೇಲಿನ ದಪ್ಪ ಭಾಗಗಳನ್ನು ಮೊದಲು ಎಳೆಯಬೇಕು, ತುದಿಯ ತೆಳು ಭಾಗಗಳನ್ನು ಕೊನೆಗೆ. ನಡುಗಂಬವನ್ನು ಎತ್ತುವುದು ಎಲ್ಲಕ್ಕಿಂತ ಕೊನೆಯ ಉಪಾಯ. ಬಟನ್ ಒತ್ತುವ ಬೆರಳೂ ಕ್ಯಾಮರಾವನ್ನು ನಡುಗಿಸುತ್ತದೆ. ಆದ್ದರಿಂದ ಎರಡು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆಯುವುದು ಒಳ್ಳೆಯದು.

ಎರೆಯ ನೆಲ, ಬಂಡೆಯ ನೆಲ

ಈ ಸೀಮೆಯಲ್ಲಿ ಮುಕ್ಕಾಲಿಗೆ ಎರಡು ಬಗೆಯ ನೆಲಗಳು ಎದುರಾಗುತ್ತವೆ. ಒಂದು, ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುವ ಈ ಮಣ್ಣು ನೀರು ಕುಡಿದೊಡನೆ ಉಬ್ಬಿ ಮೆತ್ತಗಾಗುತ್ತದೆ. ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ಮುಕ್ಕಾಲಿ ಹೂಡಿ ಭಾರ ಹೇರಿದರೆ ಪಾದಗಳು ನಿಧಾನವಾಗಿ ಇಳಿಯತೊಡಗುತ್ತವೆ. ಮೂರೂ ಸಮನಾಗಿ ಇಳಿದರೆ ಚಿಂತೆಯಿಲ್ಲ, ಹಾಗೆ ಇಳಿಯುವುದಿಲ್ಲವಲ್ಲ! ಒಂದು ಕಾಲು ಹೆಚ್ಚು ಇಳಿದು ಎಲ್ಲವೂ ವಾಲುತ್ತದೆ. ಇಲ್ಲಿ ಭಾರ ಹೆಚ್ಚಿಸುವ ಮೊದಲು ಪ್ರತಿ ಪಾದದ ಕೆಳಗೆ ಅಂಗೈಯಗಲದ ಹಲಗೆಯ ತುಂಡನ್ನಿಡಬೇಕು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಒಂಬತ್ತನೇ ತರಗತಿಯಲ್ಲಿ ಓದಿದ್ದು ಉಪಯೋಗಕ್ಕೆ ಬರುವುದು ಇಂಥಲ್ಲಿ.

ಎರಡನೆಯದು ಬಂಡೆಯ ನೆಲ. ಹತ್ತಿರದ ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಬಂಡೆಬರಹ ಲೋಕಪ್ರಸಿದ್ಧ. ಅಲ್ಲಿಯವರೆಗೆ 'ದೇವಾನಾಂಪ್ರಿಯ' ಮೊದಲಾದ ಬಿರುದುಗಳಿಂದಷ್ಟೇ ಶಾಸನಗಳಲ್ಲಿ ಕಾಣಿಸಿಕೊಂಡಿದ್ದ ಚಕ್ರವರ್ತಿಯ 'ಅಶೋಕ' ಎಂಬ ಹೆಸರು ಆ ಬರಹದಲ್ಲಿ ಸಿಕ್ಕಿತು. ಚಿನ್ನ ಹುಡುಕಿ ಹೋದವರಿಗೆ ಚಿನ್ನಕ್ಕಿಂತ ದೊಡ್ಡದು ದೊರೆಯಿತು. ಶಾಸನದ ಅಕ್ಷರಗಳು ಆಳವಾಗಿರುವುದಿಲ್ಲ. ನಡುಹಗಲಿನ ನೇರ ಬೆಳಕಿನಲ್ಲಿ ಫೋಟೊ ತೆಗೆದರೆ ಬಂಡೆಯೊಂದೇ ಕಾಣುತ್ತದೆ, ಬರಹ ಕಾಣುವುದಿಲ್ಲ. ಪಕ್ಕದಿಂದ ಓರೆಯಾಗಿ ಬೆಳಕು ಬಿದ್ದಾಗ ಗೀರು ಗೀರಿಗೂ ನೆರಳು ಮೂಡಿ ಅಕ್ಷರ ಎದ್ದು ನಿಲ್ಲುತ್ತದೆ. ಓರೆ ಬೆಳಕೆಂದರೆ ಸಾಮಾನ್ಯವಾಗಿ ಬೆಳಗು ಸಂಜೆಗಳ ಕಡಿಮೆ ಬೆಳಕು. ಕಡಿಮೆ ಬೆಳಕೆಂದರೆ ಕ್ಯಾಮರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕು. ಹೆಚ್ಚು ಹೊತ್ತೆಂದರೆ ಮುಕ್ಕಾಲಿ ಅಲುಗಬಾರದು. ನುಣುಪು ಬಂಡೆಯ ಮೇಲೆ ಮೊಳೆಯ ಪಾದ ಜಾರುತ್ತದೆ, ರಬ್ಬರ್ ಪಾದ ಹಿಡಿಯುತ್ತದೆ. ಅದನ್ನು ಒತ್ತಿ ಹಿಡಿಯಲು ಒಂದು ಚೀಲ ಭಾರವಿದ್ದರೆ ಚಿತ್ರ ಕಣ್ಣಿಗೆ ಹೊಡೆಯುವಂತೆ ಬರುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿ ಹೂಡುವ ಮೊದಲು ಅನುಮತಿ ಕೇಳುವುದನ್ನು, ಬರಹವಿರುವ ಬಂಡೆಗೆ ಏನನ್ನೂ ಒರಗಿಸದಿರುವುದನ್ನು ಮಾತ್ರ ಮರೆಯಬಾರದು.

ನಿಶ್ಚಲತೆಯ ಬೆಲೆ ಎಷ್ಟೆಂಬುದಕ್ಕೆ ಹಂಪಿಯಲ್ಲೊಂದು ಸಾಕ್ಷಿಯಿದೆ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿಗೆ ಅಲ್ಲಿನ ಅವಶೇಷಗಳ ಫೋಟೊ ತೆಗೆದರು. ಆಗ ಫಿಲ್ಮ್ ಇರಲಿಲ್ಲ. ಮೇಣ ಸವರಿದ ದೊಡ್ಡ ಕಾಗದವೇ ನೆಗೆಟಿವ್. ಕ್ಯಾಮರಾ ಒಂದು ಪೆಟ್ಟಿಗೆಯಷ್ಟು ದೊಡ್ಡದು, ಬೆಳಕಿಗೆ ಒಡ್ಡುವ ಹೊತ್ತು ನಿಮಿಷಗಟ್ಟಲೆ. ಆ ನಿಮಿಷಗಳಲ್ಲಿ ಅದು ಅಲುಗದೆ ನಿಂತದ್ದರಿಂದಲೇ ಇಂದು ಹಾಳಾಗಿರುವ ಎಷ್ಟೋ ಗೋಪುರಗಳು ಅಂದು ಹೇಗಿದ್ದವೆಂದು ತಿಳಿಯಲು ಸಾಧ್ಯವಾಗಿದೆ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಅವೇ ನೋಟಗಳನ್ನು ಮತ್ತೆ ಸೆರೆಹಿಡಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಯಾವ ಕಂಬ ಉರುಳಿತು, ಯಾವ ಕಟ್ಟಡವನ್ನು ದುರಸ್ತಿ ಮಾಡಲಾಯಿತು ಎಂಬುದು ಬೆರಳಿಟ್ಟು ತೋರಿಸುವಂತೆ ಕಾಣುತ್ತದೆ.

ಮನೆಯಲ್ಲೇ ಚೀಲ, ಶಾಲೆಯಲ್ಲೇ ಪ್ರಯೋಗ

ಮರಳಿನ ಚೀಲವನ್ನು ಅಂಗಡಿಯಿಂದ ಕೊಳ್ಳಬೇಕಾಗಿಲ್ಲ. ಹರಿದ ಜೀನ್ಸ್ ಪ್ಯಾಂಟಿನ ಒಂದು ಕಾಲು ಕತ್ತರಿಸಿ ಒಂದು ತುದಿ ಹೊಲಿಯಿರಿ. ಒಣ ಮರಳನ್ನು ಎರಡೆರಡು ಕಿಲೊದಂತೆ ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಬಾಯಿ ಬಿಗಿಯಾಗಿ ಕಟ್ಟಿ. ಒಂದನ್ನು ತಳಕ್ಕಿಳಿಸಿ, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಅಡ್ಡ ಹೊಲಿಗೆ ಹಾಕಿ, ಇನ್ನೊಂದನ್ನು ಮೇಲಿಟ್ಟು ಬಾಯಿ ಹೊಲಿದುಬಿಡಿ. ಕತ್ತೆಯ ಬೆನ್ನಿನ ಮೇಲೆ ಎರಡೂ ಬದಿಗೆ ಇಳಿಬಿದ್ದ ಹೇರಿನ ಹಾಗೆ ಇದು ಸ್ಟ್ಯಾಂಡಿನ ಕಾಲಿನ ಮೇಲೆ ಕೂರುತ್ತದೆ. ಒಳಗಿನ ಪ್ಲಾಸ್ಟಿಕ್ ಚೀಲವನ್ನು ಬಿಡಬೇಡಿ. ಮರಳಿನ ಒಂದು ಕಣ ಲೆನ್ಸಿಗೆ ತಗುಲಿದರೂ ಗೀರು ಖಂಡಿತ.

ದೂರದ ಊರಿಗೆ ಹೋಗುವವರು ಮರಳು ಹೊತ್ತೊಯ್ಯುವುದು ಮೂರ್ಖತನ. ಖಾಲಿ ಚೀಲ ಒಯ್ದು ಅಲ್ಲಿಯ ಕಲ್ಲು ತುಂಬಿದರಾಯಿತು. ಐದು ಲೀಟರಿನ ಕ್ಯಾನಿಗೆ ನೀರು ತುಂಬಿದರೆ ಐದು ಕಿಲೊ. ಆದರೆ ವಿದ್ಯುತ್ ವೈರು ಎಳೆದಿರುವ ದೀಪದ ಹತ್ತಿರ ನೀರಿನ ಕ್ಯಾನ್ ಬೇಡವೇ ಬೇಡ. ಹಗ್ಗ ಕಟ್ಟಿ ಗೂಟಕ್ಕೆ ಬಿಗಿಯುವುದು ಬಯಲಿನಲ್ಲಿ ಒಳ್ಳೆಯ ಉಪಾಯ; ಜನ ಓಡಾಡುವ ಹಂದರದಲ್ಲಿ ಅದೇ ಹಗ್ಗ ಕಾಲಿಗೆ ತೊಡರುತ್ತದೆ.

ವಿಜ್ಞಾನ ಪ್ರದರ್ಶನಕ್ಕೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಪ್ರಯೋಗ ಕಾದಿದೆ. ಮುಕ್ಕಾಲಿಯ ತಲೆಗೆ ಕ್ಯಾಮರಾದ ಬದಲು ಅಷ್ಟೇ ತೂಕದ ಪೊಟ್ಟಣ ಕಟ್ಟಿ. ಅದಕ್ಕೊಂದು ದಾರ ಕಟ್ಟಿ, ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯಿಂದ ಅಡ್ಡಲಾಗಿ ಮೆಲ್ಲನೆ ಎಳೆಯಿರಿ. ಒಂದು ಕಾಲು ನೆಲ ಬಿಟ್ಟ ಕ್ಷಣದಲ್ಲಿ ತಕ್ಕಡಿಯ ಮುಳ್ಳು ಎಲ್ಲಿದೆಯೆಂದು ಬರೆದುಕೊಳ್ಳಿ. ಬಿದ್ದರೂ ಪೆಟ್ಟಾಗದಂತೆ ಕೆಳಗೆ ಹಾಸಿಗೆಯಿರಲಿ, ಪಕ್ಕದಲ್ಲಿ ಹಿಡಿಯಲು ಒಬ್ಬರಿರಲಿ. ಆಮೇಲೆ ನಡುವೆ ಒಂದು ಕಿಲೊ, ಎರಡು ಕಿಲೊ, ಮೂರು ಕಿಲೊ ತೂಗುಹಾಕಿ ಮತ್ತೆ ಮತ್ತೆ ಅಳೆಯಿರಿ. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಬಿಂದುಗಳು ಒಂದು ಸರಳರೇಖೆಯ ಮೇಲೆ ಬರಬೇಕು. ಮೇಲಿನ ಉದಾಹರಣೆಯ ಅಳತೆಗಳಲ್ಲಿ ಪ್ರತಿ ಕಿಲೊಗೆ ಸುಮಾರು 167 ಗ್ರಾಂ ಏರಿಕೆ. ಕೊನೆಗೆ ಕಾಲಿನ ದಿಕ್ಕಿಗೆ ಎಳೆದು ನೋಡಿ, ಬಲ ಎರಡು ಪಟ್ಟು ಬೇಕಾಗುತ್ತದೆಯೇ ಇಲ್ಲವೇ ಎಂದು ನೀವೇ ಪರೀಕ್ಷಿಸಿ.

ಪಾಲಕರಿಗೂ ಒಂದು ಮಾತು. ಮಕ್ಕಳು ಮೊಬೈಲ್ ಫೋನನ್ನು ಮುಕ್ಕಾಲಿಗೆ ಸಿಕ್ಕಿಸಿ ವಿಡಿಯೊ ಮಾಡುವುದು ಇಂದು ಮನೆಮನೆಯ ಕಥೆ. ಕೊಂಡು ತಂದ ಮುಕ್ಕಾಲಿ ಹಗುರವಾಗಿದೆಯೆಂದು ಅಂಗಡಿಯವರು ಹೊಗಳಿದ್ದನ್ನು ನೀವು ಕೇಳಿಸಿಕೊಂಡಿರುತ್ತೀರಿ. ಹೊರುವಾಗ ಹಗುರವಿರುವುದು ಗುಣ, ನಿಲ್ಲಿಸುವಾಗ ಅದೇ ದೋಷ. ಫೋನ್ ಬಿದ್ದು ಗಾಜು ಒಡೆದ ಮೇಲೆ ಮಕ್ಕಳನ್ನು ಗದರಿಸುವುದಕ್ಕಿಂತ, ಬೀಳುವ ಮೊದಲು ಒಂದು ಬಾಟಲಿ ನೀರು ಕೊಟ್ಟು 'ಇದನ್ನ ಎಲ್ಲಿ ಕಟ್ಟಿದರ ಬೀಳೂದಿಲ್ಲ, ಹೇಳು ನೋಡೋಣ' ಎಂದು ಕೇಳಬಹುದು. ರಜೆಯಲ್ಲಿ ಸ್ಟುಡಿಯೊದ ಕೆಲಸಕ್ಕೆ ಹೋಗುವ ಕಾಲೇಜು ಹುಡುಗರ ಕೈಗೂ ಮನೆಯಲ್ಲಿ ಹೊಲಿದ ಎರಡು ಚೀಲ ಕೊಟ್ಟು ಕಳಿಸಬಹುದು. ಎಲೆ ಅಲುಗಿದಾಗ ಚೀಲ, ಮರ ತೂಗಿದಾಗ ಮಡಚು ಎಂಬ ಮಾತನ್ನೂ ಜೊತೆಗೆ ಕಟ್ಟಿಕೊಟ್ಟರೆ ಮುಂದಿನ ಸಾಲಿನಲ್ಲಿ ಕುಳಿತ ಮಕ್ಕಳು ನಿಶ್ಚಿಂತೆಯಿಂದ ಮದುವೆ ನೋಡುತ್ತಾರೆ.